ಕಾಲಪಲ್ಲಟ

ಒಳಗೆ ಒಲೆಯ ಮುಂದಿರುವವರನ್ನು ಜಗಲಿಯಿಂದ ಕೂಗಿ ನೋಡಿ. ‘ಬಂದೆ, ಬಂದೆ’ ಎಂಬ ಉತ್ತರ ಬರುತ್ತದೆ. ಬಂದಿರುವುದಿಲ್ಲ. ಕೈ ಇನ್ನೂ ಹಿಟ್ಟಿನಲ್ಲೇ ಇರುತ್ತದೆ, ಕ್ರಿಯಾಪದ ಮಾತ್ರ ಜಗಲಿಗೆ ಬಂದು ಮುಟ್ಟಿರುತ್ತದೆ. ‘ನಾಳೆ ತೀರ್ಥಹಳ್ಳಿಗೆ ಹೋಗುತ್ತೇನೆ’ ಎನ್ನುವಾಗಲೂ ಇದೇ ಕಥೆ, ನಾಳೆಯ ಕೆಲಸಕ್ಕೆ ಇಂದಿನ ರೂಪ. ‘ಹೋಗುವೆನು’ ಎಂದು ಸರಿಯಾದ ಕಾಲದಲ್ಲಿ ಹೇಳುವವರು ಪೌರಾಣಿಕ ನಾಟಕದ ಪಾತ್ರಗಳು, ಇಲ್ಲವೇ ಪರೀಕ್ಷೆ ಬರೆಯುವ ಮಕ್ಕಳು. ಒಂದು ಕಾಲದಲ್ಲಿ ಹೇಳಬೇಕಾದ್ದನ್ನು ಇನ್ನೊಂದು ಕಾಲದಲ್ಲಿ ಹೇಳುವ ಈ ಅಭ್ಯಾಸಕ್ಕೆ ಶಾಲೆಯ ವ್ಯಾಕರಣ ಪುಸ್ತಕ ಕಾಲಪಲ್ಲಟ ಎಂದು ಹೆಸರಿಟ್ಟಿದೆ. ತಪ್ಪು ಎಂದಿಲ್ಲ. ವಿಭಕ್ತಿಪಲ್ಲಟದ ಪಕ್ಕದಲ್ಲೇ ಇದಕ್ಕೂ ಮರ್ಯಾದೆಯಿಂದ ಜಾಗ ಕೊಟ್ಟಿದೆ.

ಇದೇ ಕೆಲಸವನ್ನು ಚರಿತ್ರೆಯಲ್ಲೋ ಕಥೆಯಲ್ಲೋ ಮಾಡಿದರೆ ಮಾತ್ರ ನಮ್ಮ ಮಾತು ಬಿರುಸಾಗುತ್ತದೆ. ಕದಂಬರ ಸಿನಿಮಾದಲ್ಲಿ ಸೈನಿಕನ ಮುಂಗೈ ಮೇಲೆ ವಾಚು ಕಟ್ಟಿದ ಗುರುತು ಕಂಡರೆ ಅದು ಕಾಲದೋಷ. ಸ್ವಲ್ಪ ಓದಿದವರಾದರೆ ಕಾಲವಿಪರ್ಯಾಸ ಎನ್ನುತ್ತಾರೆ. ಕನ್ನಡದಲ್ಲಿ ದೋಷ ಎಂದ ಕೂಡಲೇ ಪರಿಹಾರವೂ ಬೇಕು. ದೃಷ್ಟಿದೋಷಕ್ಕೆ ಒಣಮೆಣಸು, ಗ್ರಹದೋಷಕ್ಕೆ ಶಾಂತಿ. ಕಾಲದೋಷಕ್ಕೆ ವಿಮರ್ಶಕರು ಮಾಡುವ ಶಾಂತಿ ಎಂದರೆ ಬರೆದವನನ್ನು ಬೈಯುವುದು.

ಹಳೆಯ ಕಾವ್ಯಮೀಮಾಂಸೆಯಲ್ಲಿ ಇದಕ್ಕೆ ಹತ್ತಿರದ ಮಾತು ಕಾಲವಿರೋಧ. ದಂಡಿ ತನ್ನ ‘ಕಾವ್ಯಾದರ್ಶ’ದಲ್ಲಿ ದೇಶವಿರೋಧ, ಲೋಕವಿರೋಧಗಳ ಜೊತೆ ಇದನ್ನೂ ದೋಷಗಳ ಸಾಲಿಗೆ ಸೇರಿಸಿದ್ದಾನೆ. ನಮ್ಮ ‘ಕವಿರಾಜಮಾರ್ಗ’ಕ್ಕೆ ದಾರಿ ತೋರಿಸಿದ್ದು ಇದೇ ದಂಡಿ. ಆದರೆ ಅವನು ಕೊಡುವ ಉದಾಹರಣೆಗಳಲ್ಲಿ ರಾಜರಿಲ್ಲ, ಶತಮಾನಗಳಿಲ್ಲ. ತಾವರೆ ರಾತ್ರಿ ಅರಳಿತು, ನೈದಿಲೆ ಹಗಲು ಬಿರಿಯಿತು, ಬೇಸಗೆಯಲ್ಲಿ ಮೋಡ ಕವಿಯಿತು ಎಂದು ಬರೆದರೆ ಕಾಲವಿರೋಧ. ಅವನ ಕಾಲ ಎಂದರೆ ಹೊತ್ತು ಮತ್ತು ಋತು. ಇಸವಿಯ ಚಿಂತೆ ನಮಗೆ ಆಮೇಲೆ ಅಂಟಿಕೊಂಡಿದ್ದು. ದೋಷಗಳನ್ನೆಲ್ಲ ಎಣಿಸಿ ಮುಗಿಸಿದ ಮೇಲೆ ದಂಡಿ ಒಂದು ಕಿಂಡಿ ಬಿಟ್ಟಿದ್ದಾನೆ: ಕವಿಯ ಕೈಚಳಕವಿದ್ದರೆ ಈ ವಿರೋಧವೆಲ್ಲ ಎಂದಾದರೊಮ್ಮೆ ದೋಷದ ಲೆಕ್ಕದಿಂದ ಎದ್ದು ಗುಣದ ಬೀದಿಗೆ ನಡೆದುಬಿಡುತ್ತದೆ. ದೋಷ ಎಂಬ ಒಂದೇ ಪದ ಸಾಲದು, ಪಲ್ಲಟವೂ ಬೇಕು ಎಂದು ನನಗೆ ಅನ್ನಿಸುವುದು ಈ ಕಿಂಡಿಯಿಂದಲೇ. ಎರಡರ ನಡುವಿನ ಗೆರೆ ಎಲ್ಲಿ ಬೀಳುತ್ತದೆಂದು ನೋಡುವುದಕ್ಕೆ ಶಿವಮೊಗ್ಗ ಜಿಲ್ಲೆಯಲ್ಲಿ, ಕುವೆಂಪು ಅವರ ಊರಾದ ಕುಪ್ಪಳ್ಳಿಯ ಸುತ್ತಮುತ್ತ ಸಿಗುವಷ್ಟು ಸಾಮಗ್ರಿ ಬೇರೆಡೆ ಸಿಗಲಿಕ್ಕಿಲ್ಲ.

ಕವಿಮನೆ ನೋಡಿಕೊಂಡು ಗುಡ್ಡ ಹತ್ತಿದರೆ ಕವಿಶೈಲ. ಮೇಲೆ ಆಳೆತ್ತರ ಮೀರಿದ ಕಲ್ಲುಗಳು ವೃತ್ತವಾಗಿ ನಿಂತಿವೆ, ಕೆಲವಕ್ಕೆ ಅಡ್ಡಗಲ್ಲು ಹೇರಿದೆ. ನಡುವೆ ಕುವೆಂಪು ಅವರ ಸಮಾಧಿ. 1994ರ ನವೆಂಬರಿನಲ್ಲಿ ತೀರಿಕೊಂಡ ಕವಿಗೆ ಬೃಹತ್‌ ಶಿಲಾಯುಗದ ಗೋರಿ! ಆ ಕಲ್ಲುಗಳ ವಿನ್ಯಾಸ ಕಲಾವಿದ ಕೆ.ಟಿ. ಶಿವಪ್ರಸಾದ್ ಅವರದು. ಇಂಗ್ಲೆಂಡಿನ ಸ್ಟೋನ್‌ಹೆಂಜ್ ನೆನಪಾಗಲಿ ಎಂದೇ ನಿಲ್ಲಿಸಿದಂತಿವೆ. ಗುಡ್ಡದ ಬಂಡೆಯೊಂದರ ಮೇಲೆ ಬಿ.ಎಂ. ಶ್ರೀಕಂಠಯ್ಯ, ಟಿ.ಎಸ್. ವೆಂಕಣ್ಣಯ್ಯ ಮತ್ತು ಕುವೆಂಪು ಅವರ ಹೆಸರುಗಳ ಕೆತ್ತನೆಯಿದೆ. ವಯಸ್ಸಿನ ಲೆಕ್ಕದಲ್ಲಿ ಆ ಅಕ್ಷರಗಳು ಹಿರಿಯವು, ‘ಶಿಲಾಯುಗ’ದ ಕಲ್ಲುಗಳು ಕಿರಿಯವು. ಪ್ರವಾಸದ ಮಕ್ಕಳು ಇದನ್ನು ಯಾವ ರಾಜ ಕಟ್ಟಿಸಿದ ಎಂದು ಕೇಳಿದರೆ ಅವರನ್ನು ನಕ್ಕು ಸುಮ್ಮನಾಗಿಸುವುದು ಸರಿಯಲ್ಲ. ಅವರು ಕೇಳುವಂತೆಯೇ ಕಲ್ಲುಗಳನ್ನು ನಿಲ್ಲಿಸಿದೆ.

ಇನ್ನೊಂದು ವಿಚಿತ್ರ. ನಿಜವಾದ ಅಂಥ ಕಲ್ಲುಗಳು ಇದೇ ಸೀಮೆಯಲ್ಲಿವೆ. ಹೊಸನಗರ ತಾಲ್ಲೂಕಿನಲ್ಲಿ ನಿಲಸ್ಕಲ್ ಎಂಬ ಊರೇ ಇದೆ. ನಿಲ್ಲಿಸಿದ ಕಲ್ಲಿಗಿಂತ ನೇರವಾದ ಹೆಸರು ಇನ್ನೇನು ಬೇಕು? ಅಲ್ಲಿಯೂ ಬೈಸೆಯಲ್ಲಿಯೂ ಕಬ್ಬಿಣಯುಗದ ಜನ ನೆಟ್ಟ ಚಪ್ಪಟೆ ಕಲ್ಲುಗಳು ಕಾಡುಗಿಡಗಳ ಮಧ್ಯೆ ನಿಂತಿವೆ. ಸೂರ್ಯ ಉತ್ತರಕ್ಕೂ ದಕ್ಷಿಣಕ್ಕೂ ತುದಿ ಮುಟ್ಟಿ ತಿರುಗುವ ದಿನಗಳಲ್ಲಿ ಒಂದು ಕಲ್ಲಿನ ಬಳಿ ನಿಂತರೆ ಇನ್ನೊಂದರ ನೇರಕ್ಕೆ ಉದಯವೋ ಅಸ್ತವೋ ಬರುವಂತೆ ಕೆಲವು ಜೋಡಿಗಳಿವೆ ಎಂದು ಶ್ರೀಕುಮಾರ್ ಮೆನನ್, ಮಯಾಂಕ್ ವಾಹಿಯಾ ಮೊದಲಾದವರು ಅಳೆದು ತೋರಿಸಿದ್ದಾರೆ. (ಮಳೆ ಸುರಿಯುವ ಜೂನ್ 21ರಂದು ಹೊಸನಗರದಲ್ಲಿ ಸೂರ್ಯನನ್ನು ಹೇಗೆ ಕಂಡರೋ! ಡಿಸೆಂಬರಿನದನ್ನು ಒಪ್ಪಬಹುದು.) ಅಲ್ಲಿಗೆ ಬಸ್ಸು ಮಾಡಿಕೊಂಡು ಹೋಗುವವರು ಕಡಿಮೆ. ಫೋಟೊ ತೆಗೆಸಿಕೊಳ್ಳುವುದೆಲ್ಲ ಕವಿಶೈಲದಲ್ಲಿ. ಹಾಗೆಂದು ಕವಿಶೈಲದ್ದನ್ನು ದೋಷ ಎನ್ನಲು ನನಗೆ ಮನಸ್ಸಿಲ್ಲ. ಕಟ್ಟಿದವರು ಇದು ಹಳೆಯದು ಎಂದು ಯಾರಿಗೂ ಹೇಳಿಲ್ಲ, ಹೆಸರು ಮರೆಸಿಕೊಂಡಿಲ್ಲ. ಅದು ಪಲ್ಲಟ.

ದೋಷದಂತೆ ಕಂಡು ದೋಷವಾಗದವೂ ಇವೆ. ‘ಮಲೆಗಳಲ್ಲಿ ಮದುಮಗಳು’ ಅಚ್ಚಾದದ್ದು 1967ರಲ್ಲಿ, ಕಥೆ ನಡೆಯುವುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ವಿವೇಕಾನಂದರ ಚಿಕಾಗೋ ಪ್ರಸಂಗವನ್ನು ಕುವೆಂಪು ಕಾದಂಬರಿಯೊಳಗೆ ತಂದಿರುವುದರಿಂದ ಇಸವಿ ಲೆಕ್ಕ ಹಾಕುವುದು ಸುಲಭ, 1893. ಆ ಕಾಡಿನ ದಾರಿಗೆ ಪಾದ್ರಿ ಜೀವರತ್ನಯ್ಯ ಬೈಸಿಕಲ್ಲು ತರುತ್ತಾನೆ. ಊರವರ ಬಾಯಲ್ಲಿ ಅದು ಬೀಸೆಕಲ್ಲು. ಮೊದಲ ಓದಿಗೆ ‘ಅಷ್ಟು ಬೇಗ ಮಲೆನಾಡಿಗೆ ಸೈಕಲ್ಲೇ?’ ಎಂದು ಅನುಮಾನ ಬರುವುದು ಸಹಜ. ಎರಡು ಸಮ ಚಕ್ರ, ಸರಪಳಿ ಇರುವ ಸೈಕಲ್ಲನ್ನು ಇಂಗ್ಲೆಂಡಿನ ಸ್ಟಾರ್ಲಿ ಮಾರುಕಟ್ಟೆಗೆ ತಂದದ್ದು 1885ರಲ್ಲಿ, ಡನ್‌ಲಪ್ ಗಾಳಿ ತುಂಬಿದ ಟೈರು ಮಾಡಿದ್ದು 1888ರಲ್ಲಿ. ಐದು ವರ್ಷದಲ್ಲಿ ಮಿಷನ್ನಿನ ಪಾದ್ರಿಯೊಬ್ಬ ಅದನ್ನು ಘಟ್ಟದ ಮೇಲಕ್ಕೆ ತಂದಿರಲಾರ ಎನ್ನಲು ಬರುವುದಿಲ್ಲ. ಕಾದಂಬರಿಕಾರ ಸೈಕಲ್ಲನ್ನು ಸುಮ್ಮನೆ ತಂದು ನಿಲ್ಲಿಸಿದ್ದರೆ ನಮ್ಮ ಅನುಮಾನ ಉಳಿಯುತ್ತಿತ್ತೋ ಏನೋ. ಬೀಸೆಕಲ್ಲು ಎಂದು ಕರೆಸಿದ್ದರಿಂದ ಅದು ಅಲ್ಲಿಗೆ ಆಗಷ್ಟೇ ಬಂದದ್ದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಒಂದು ವಸ್ತುವಿಗೆ ಹೆಸರು ಸಿಗದೆ ಜನ ಅಡುಗೆಮನೆಯ ಹೆಸರನ್ನೇ ಎಳೆದು ಹೊದಿಸುವ ಕಾಲ ಬಹಳ ಚಿಕ್ಕದು, ಅಷ್ಟರೊಳಗೇ ಕುವೆಂಪು ಅದನ್ನು ಹಿಡಿದಿದ್ದಾರೆ.

ಪದಗಳು ಹೀಗೆ ತಮ್ಮ ವಯಸ್ಸನ್ನು ತಾವೇ ಹೇಳುತ್ತವೆ, ನಾವು ಕಿವಿಗೊಡುವುದಿಲ್ಲ. ಪರಂಗಿ ಹಣ್ಣು ಎನ್ನುವಾಗಲೇ ಅದು ಪರಂಗಿಯವರು ತಂದದ್ದು ಎಂದು ಒಪ್ಪಿಕೊಂಡಾಗಿದೆ. ಮೆಣಸು ನಮ್ಮ ಘಟ್ಟದ್ದು, ಮೆಣಸಿನಕಾಯಿ ಸಮುದ್ರ ದಾಟಿ ಪೋರ್ಚುಗೀಸರ ಹಿಂದೆ ಬಂದದ್ದು. ಆದರೂ ಪುಲಿಕೇಶಿಯ ಪಾಕಶಾಲೆಯಲ್ಲಿ ಕೆಂಪು ಮೆಣಸಿನಕಾಯಿ ಹುರಿಯುವ ಕಾದಂಬರಿಕಾರರಿಗೆ ಸೀನು ಬರುವುದಿಲ್ಲ. ತಿರುಗುಮುರುಗಾದ ಪ್ರಕರಣವೂ ಇದೆ. ಸೋಮನಾಥಪುರವೂ ಸೇರಿದಂತೆ ಹೊಯ್ಸಳ ಗುಡಿಗಳ ವಿಗ್ರಹಗಳ ಕೈಯಲ್ಲಿರುವುದು ಜೋಳದ ತೆನೆ, ಅಂದರೆ ಅಮೆರಿಕದ ಮುಸುಕಿನ ಜೋಳ, ಎಂದು ಜೊಹಾನೆಸನ್ ಮತ್ತು ಪಾರ್ಕರ್ 1989ರಲ್ಲಿ ವಾದಿಸಿದರು. ಕೊಲಂಬಸನಿಗಿಂತ ಇನ್ನೂರು ವರ್ಷ ಮೊದಲೇ ಮೈಸೂರು ಸೀಮೆಯಲ್ಲಿ ಮುಸುಕಿನ ಜೋಳ! ಅದು ಮುತ್ತು ಪೋಣಿಸಿದ ಕಾಲ್ಪನಿಕ ಫಲ ಎಂದು ಬೇರೆ ವಿದ್ವಾಂಸರು ಉತ್ತರ ಕೊಟ್ಟರು. ನನಗೆ ಎರಡನೆಯದೇ ಸರಿ ಕಾಣುತ್ತದೆ. ಇಲ್ಲಿ ಕಾಲ ತಪ್ಪಿದ್ದು ಶಿಲ್ಪಿಯ ಉಳಿಯಲ್ಲಲ್ಲ, ನೋಡಿದವರ ಕಣ್ಣಿನಲ್ಲಿ.

ಇನ್ನು ಬೇಕೆಂದೇ ಕಾಲ ತಪ್ಪಿಸಿದವರು. ಅವರ ಕೆಲಸ ಬೇರೆ ದರ್ಜೆಯದು, ಮತ್ತು ಈ ಜಿಲ್ಲೆಯ ಪ್ರತಿಭೆ ಅದಕ್ಕೆ ಎಲ್ಲ ಬಗೆಯಲ್ಲೂ ಒದಗಿದೆ. ಷೇಕ್ಸ್‌ಪಿಯರನ ಹ್ಯಾಮ್ಲೆಟ್‌ನ ಕಥೆ ಡೆನ್ಮಾರ್ಕಿನ ಹಳೆಯ ಐತಿಹ್ಯ, ಕ್ರೈಸ್ತ ಧರ್ಮ ಅಲ್ಲಿಗೆ ಕಾಲಿಡುವುದಕ್ಕೂ ಹಿಂದಿನದು. ನಾಟಕದಲ್ಲಿ ಮಾತ್ರ ರಾಜಕುಮಾರ 1502ರಲ್ಲಿ ಶುರುವಾದ ವಿಟ್ಟನ್‌ಬರ್ಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಕುವೆಂಪು 1930ರ ದಶಕದ ಆರಂಭದಲ್ಲಿ ಅದೇ ಕಥೆಯನ್ನು ಎತ್ತಿ ತಂದು ಬಿದನೂರಿನಲ್ಲಿಟ್ಟು ‘ರಕ್ತಾಕ್ಷಿ’ ಮಾಡಿದರು. ಬಿದನೂರೆಂದರೆ ಹೊಸನಗರ ತಾಲ್ಲೂಕಿನ ಈಗಿನ ನಗರ, ಹೈದರಾಲಿ 1763ರಲ್ಲಿ ಗೆದ್ದುಕೊಂಡ ಕೆಳದಿಯವರ ರಾಜಧಾನಿ. ಅರಮನೆಯ ಒಳಸಂಚು, ರಾಣಿಯ ಸುತ್ತ ಹಬ್ಬಿದ ಪಿಸುಮಾತು ಅಲ್ಲಿ ಮೊದಲೇ ಇತ್ತು. ಎಲ್ಸಿನೋರಿನ ಪ್ರೇತಕ್ಕೆ ನಗರದ ಕೋಟೆಯಲ್ಲಿ ಅಪರಿಚಿತವೆನಿಸುವಂಥದ್ದು ಏನೂ ಇರಲಿಲ್ಲ. ಇದಕ್ಕೂ ಸಾವಿರ ವರ್ಷ ಹಿಂದೆ, 941ರ ಸುಮಾರಿಗೆ, ಪಂಪ ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನೊಳಗೆ ಇಳಿಸಿ, ಆ ಅರ್ಜುನನನ್ನು ಬನವಾಸಿಯ ಮಲ್ಲಿಗೆಯ ನಡುವೆ ತಿರುಗಾಡಿಸಿದ್ದ. ಯಾರೂ ಅವನ ಮೇಲೆ ಕಾಲದೋಷದ ಮೊಕದ್ದಮೆ ಹೂಡಲಿಲ್ಲ.

ಕುವೆಂಪು ಮೇಲೆ ಹೂಡಿದರು. 1944ರ ‘ಶೂದ್ರ ತಪಸ್ವಿ’ಯಲ್ಲಿ ರಾಮನ ಬಾಣ ಶಂಬೂಕನನ್ನು ಕೊಲ್ಲುವುದಿಲ್ಲ, ಕೊಲ್ಲು ಎಂದು ದೂರು ತಂದ ಬ್ರಾಹ್ಮಣನ ಬೆನ್ನು ಹತ್ತುತ್ತದೆ. ಮಾಸ್ತಿ ಇದನ್ನು ಒಪ್ಪಲಿಲ್ಲ. ಇಂದಿನ ಭಾವ ಹೇಳಬೇಕಿದ್ದರೆ ಹೊಸ ಕಥೆ ಕಟ್ಟಬೇಕು, ಹಳೆಯ ಕಥೆಯನ್ನು ತಿರುಗಿಸಬಾರದು ಎಂಬುದು ಅವರ ವಾದದ ತಿರುಳು. ದೊಡ್ಡವರ ಮಾತು, ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಆದರೆ ತ್ರೇತಾಯುಗಕ್ಕೆ ಇಪ್ಪತ್ತನೆಯ ಶತಮಾನದ ನ್ಯಾಯವನ್ನು ಕೊಂಡೊಯ್ದ ನಾಟಕಕಾರ ತನ್ನ ಹೆಸರನ್ನು ಪುಸ್ತಕದ ಮೇಲೆ ಹಾಕಿದ್ದ, ಇದು ವಾಲ್ಮೀಕಿ ಬರೆದದ್ದು ಎಂದು ನಂಬಿಸಿರಲಿಲ್ಲ.

ನಂಬಿಸಲು ಹೊರಟವರ ಕೆಲಸ ನೋಡಬೇಕಿದ್ದರೆ ತಾಮ್ರಪಟಗಳ ಕಡೆ ಬರಬೇಕು. ಲೂಯಿ ರೈಸ್ ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಎಂಟನೆಯ ಸಂಪುಟವಾಗಿ ಹೊರತಂದದ್ದು 1904ರಲ್ಲಿ, ಕುವೆಂಪು ಹುಟ್ಟಿದ ವರ್ಷ. ಈ ಜಿಲ್ಲೆಯಲ್ಲಿ ಅವರಿಗೆ ಸಿಕ್ಕವುಗಳಲ್ಲಿ ಸ್ವತಃ ಜನಮೇಜಯನೇ ಕೊಟ್ಟನೆನ್ನುವ ದಾನಪತ್ರಗಳಿದ್ದವು. ಹೌದು, ಪರೀಕ್ಷಿತನ ಮಗ, ಸರ್ಪಯಾಗದ ಜನಮೇಜಯ. ಗೌಜ ಅಗ್ರಹಾರ, ಕುಪ್ಪಗದ್ದೆ, ಬೇಗೂರಿನ ಪಟಗಳಲ್ಲಿ ಸರ್ಪಯಾಗದ ಹೊತ್ತಿಗೆ ಬ್ರಾಹ್ಮಣರಿಗೆ ಊರು ಕೊಟ್ಟ ವಿವರ. ತೀರ್ಥಹಳ್ಳಿ ಸೀಮೆಯ ಭೀಮನಕಟ್ಟೆ ಮಠದ್ದು ಇನ್ನೂ ಜೋರು, ಯುಧಿಷ್ಠಿರ ಶಕದ 89ನೆಯ ವರ್ಷ. ನಮ್ಮ ಲೆಕ್ಕದಲ್ಲಿ ಕ್ರಿಸ್ತಪೂರ್ವ ಮೂರು ಸಾವಿರ ದಾಟುತ್ತದೆ.

ಬರೆದವನು ಜಾಣ, ಆದರೆ ತನ್ನ ಕಾಲದಿಂದ ಹೊರಗೆ ಹೋಗುವಷ್ಟು ಜಾಣನಲ್ಲ. ಲಿಪಿ ನಾಗರಿ ಜಾತಿಯದು, ಮಹಾಭಾರತದ ರಾಜನ ಕಾಲಕ್ಕೆ ಅದೆಲ್ಲಿಂದ ಬರಬೇಕು! ದಾನಕ್ಕೆ ಪುಣ್ಯಕಾಲ ಬೇಕಲ್ಲ, ಅದಕ್ಕೆಂದು ಸೂರ್ಯಗ್ರಹಣವನ್ನೂ ಬರೆದ. ಅಲ್ಲೇ ಸಿಕ್ಕಿಬಿದ್ದ. ಗೌಜದ ಪಟದ ಗ್ರಹಣವನ್ನು ಇಂಗ್ಲೆಂಡಿನ ರಾಜಖಗೋಲಜ್ಞ ಜಾರ್ಜ್ ಏರಿ ಲೆಕ್ಕ ಹಾಕಿ 1521ರ ಏಪ್ರಿಲ್ 7 ಎಂದರು. ಆ ಲೆಕ್ಕದಂತೆ ಜನಮೇಜಯ ಹಾವುಗಳನ್ನು ಸುಡುತ್ತಿದ್ದಾಗ ಹಂಪೆಯಲ್ಲಿ ಕೃಷ್ಣದೇವರಾಯ ಆಳುತ್ತಿದ್ದ. ಇಂಥವಕ್ಕೆ ಶಾಸನಶಾಸ್ತ್ರದವರ ಹೆಸರು ಕೂಟಶಾಸನ. ಜೆ.ಎಫ್. ಫ್ಲೀಟ್ ಅಂಥವುಗಳ ಪಟ್ಟಿಯನ್ನೇ ಮಾಡಿದ್ದರು. ಸರ್ವಮಾನ್ಯದ ಭೂಮಿಗೆ ಎಂದಾದರೂ ತಕರಾರು ಬಂದರೆ ಪೆಟ್ಟಿಗೆಯಿಂದ ತೆಗೆದು ತೋರಿಸಲು ಒಂದು ಕಾಗದ ಬೇಕು. ಕಾಗದ ಹಳೆಯದಾದಷ್ಟೂ ಬಲ ಹೆಚ್ಚು. ನಾಯಕರಿಗಿಂತ, ರಾಯರಿಗಿಂತ ಹಳಬ ಯಾರು? ಪಾಂಡವರ ಮರಿಮೊಮ್ಮಗ. ಇದು ದೋಷವೇ, ಪಲ್ಲಟದ ಮರ್ಯಾದೆ ಇದಕ್ಕೆ ಸಲ್ಲದು. ಆದರೂ ಇತಿಹಾಸಕಾರರು ಅದನ್ನು ಕರಗಿಸಲಿಲ್ಲ. ಜನಮೇಜಯನ ಬಗ್ಗೆ ಒಂದಕ್ಷರವನ್ನೂ ನಂಬುವ ಹಾಗಿಲ್ಲ, ಆ ಅಗ್ರಹಾರದವರಿಗೆ ಯಾವ ಭಯವಿತ್ತು ಎಂಬುದಕ್ಕೆ ಮಾತ್ರ ಒಳ್ಳೆಯ ಆಧಾರ.

ದೋಷ, ಪಲ್ಲಟ ಎಂಬ ಈ ಎರಡು ಬಗೆಯನ್ನು ದಿನವೂ ಬೇರ್ಪಡಿಸಿ ನಡೆಸುವವರು ನಮ್ಮಲ್ಲಿ ಯಕ್ಷಗಾನದವರು. ಸಾಗರ, ಹೊಸನಗರದ ಕಡೆ ಆಟ ನೋಡಿದವರಿಗೆ ಗೊತ್ತು, ಹಾಸ್ಯಗಾರನಿಗೆ ಕಾಲದ ಕಟ್ಟಿಲ್ಲ. ದೂತನಾಗಿ ಬಂದವನು ಕೊನೆಯ ಬಸ್ಸು ತಪ್ಪಿತೆಂದು ಕೌರವನಿಗೆ ದೂರಬಹುದು, ಅಡಿಕೆ ಧಾರಣೆ ಬಿದ್ದದ್ದಕ್ಕೆ ಶಕುನಿಯನ್ನು ಬೈಯಬಹುದು. ಎದುರಿಗಿರುವ ಕೌರವ ಮಾತ್ರ ದ್ವಾಪರ ಬಿಟ್ಟು ಕದಲುವ ಹಾಗಿಲ್ಲ. ತಾಳಮದ್ದಳೆಯಲ್ಲಿ ಇದು ಇನ್ನೂ ಬಿಗಿ. ಅರ್ಥ ಹೇಳುವಾಗ ಇಂಗ್ಲಿಷು ನುಸುಳಬಾರದು. ನುಸುಳಿದರೆ ಎದುರಿನ ಅರ್ಥಧಾರಿ ಬಿಡುವುದಿಲ್ಲ. ಕೃಷ್ಣನ ಬಾಯಲ್ಲಿ ‘ಟೈಮು’ ಬಂತು ಎನ್ನಿ. ‘ಅದ್ಯಾವ ದೇಶದ ಮಾತಯ್ಯ, ದ್ವಾರಕೆಗೆ ಹೇಗೆ ಬಂತು?’ ಎಂದು ಬಲರಾಮ ಹಿಡಿಯುತ್ತಾನೆ. ಪಳಗಿದ ಕೃಷ್ಣನಾದರೆ ತಡವರಿಸದೆ ಹೇಳುತ್ತಾನೆ: ‘ಅಣ್ಣಾ, ನಮ್ಮದು ಬಂದರಿನ ಊರು. ಹಡಗಿನಲ್ಲಿ ಏನೇನೋ ಬಂದಿಳಿಯುತ್ತದೆ.’ ಸಭೆ ಚಪ್ಪಾಳೆ ತಟ್ಟುತ್ತದೆ. ಬಂದರು ಎಂಬುದು ಪಾರಸಿಯ ಮಾತು ಎಂದು ಬಲರಾಮನಿಗೂ ಹೊಳೆಯುವುದಿಲ್ಲ, ಭಾಗವತರು ಅಷ್ಟರಲ್ಲಿ ಮುಂದಿನ ಪದ ಎತ್ತಿಕೊಂಡಿರುತ್ತಾರೆ.