ಥರ್ಮಾಕೋಲ್ ತ್ಯಾಜ್ಯ: ಬೈಲಹೊಂಗಲ ಉಪವಿಭಾಗದಲ್ಲಿ ಮರುಬಳಕೆ ಮತ್ತು ಮರುಸಂಸ್ಕರಣೆ

ಥರ್ಮಾಕೋಲ್ ಎಂದು ರೂಢಿಯಲ್ಲಿರುವ ಬಿಳಿ, ಹಗುರ ವಸ್ತು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ನೊರೆರೂಪ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳು ಬೈಲಹೊಂಗಲ ಕಂದಾಯ ಉಪವಿಭಾಗಕ್ಕೆ ಸೇರಿವೆ. ಕಪ್ಪು ಎರೆನೆಲದ, ಹತ್ತಿ, ಕಬ್ಬು, ಜೋಳ ಬೆಳೆಯುವ ಈ ಸೀಮೆಯಲ್ಲಿ ದೊಡ್ಡ ನಗರವಿಲ್ಲ. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳಲ್ಲಿ ಪುರಸಭೆಗಳಿವೆ, ಕಿತ್ತೂರಿನಲ್ಲಿ ಪಟ್ಟಣ ಪಂಚಾಯಿತಿ ಇದೆ. ಇಂಥ ಸಣ್ಣ ಊರುಗಳಲ್ಲಿ ಥರ್ಮಾಕೋಲ್ ತ್ಯಾಜ್ಯದ ಪ್ರಶ್ನೆ ಮಹಾನಗರಗಳಲ್ಲಿ ಇದ್ದಂತಿಲ್ಲ. ಅದನ್ನು ಕರಗಿಸಿ ಮತ್ತೆ ಬಳಸುವ ವಿಧಾನಗಳು ಬಹುಕಾಲದಿಂದ ಗೊತ್ತಿವೆ. ಕಷ್ಟವಿರುವುದು ತ್ಯಾಜ್ಯವನ್ನು ಆ ವಿಧಾನಗಳಿರುವ ಕಡೆಗೆ ಸಾಗಿಸುವುದರಲ್ಲಿ.

ವಸ್ತು ಮತ್ತು ಸ್ವಭಾವ

1839ರಲ್ಲಿ ಬರ್ಲಿನ್ನಿನ ಔಷಧಿ ವ್ಯಾಪಾರಿ ಎಡ್ವರ್ಡ್ ಸೈಮನ್ ಒಂದು ಮರದ ಅಂಟಿನಿಂದ ಸ್ಟೈರೀನನ್ನು ಬಟ್ಟಿ ಇಳಿಸಿದ. ಅದು ದಿನಕಳೆದಂತೆ ಗಟ್ಟಿಯಾಗುವುದನ್ನೂ ಆತ ಗಮನಿಸಿದ್ದ. ಸಣ್ಣ ಅಣುಗಳು ಉದ್ದನೆಯ ಸರಪಳಿಯಾಗಿ ಕೂಡಿಕೊಳ್ಳುವುದೇ ಇಂಥ ವಸ್ತುಗಳ ಗುಟ್ಟೆಂದು 1920ರ ದಶಕದಲ್ಲಿ ಹರ್ಮನ್ ಸ್ಟೌಡಿಂಗರ್ ತೋರಿಸಿಕೊಟ್ಟ. ಈಗ ನಾವು ಕಾಣುವ ಮಣಿಮಣಿಯಾದ ನೊರೆ 1949ರ ಸುಮಾರಿಗೆ ಜರ್ಮನಿಯ ಬಿ.ಎ.ಎಸ್.ಎಫ್. ಕಂಪನಿಯ ಫ್ರಿಟ್ಜ್ ಸ್ಟಾಸ್ಟ್ನಿಯ ಪ್ರಯೋಗಗಳಿಂದ ಬಂತು.

ಪೆಂಟೇನ್ ಅನಿಲ ಹೀರಿಕೊಂಡ ಪಾಲಿಸ್ಟೈರೀನ್ ಕಾಳುಗಳಿಗೆ ಹಬೆ ಕೊಟ್ಟರೆ ಅವು ಸುಮಾರು 40 ಪಟ್ಟು ಉಬ್ಬುತ್ತವೆ. ಉಬ್ಬಿದ ಮಣಿಗಳನ್ನು ಅಚ್ಚಿಗೆ ತುಂಬಿ ಮತ್ತೆ ಹಬೆ ಹಾಯಿಸಿದಾಗ ಒಂದಕ್ಕೊಂದು ಬೆಸೆದು ಬೇಕಾದ ಆಕಾರ ತಾಳುತ್ತವೆ. ಸಿದ್ಧವಾದ ವಸ್ತುವಿನ ಗಾತ್ರದಲ್ಲಿ ನೂರಕ್ಕೆ ಸುಮಾರು 98 ಪಾಲು ಗಾಳಿಯೇ. ಗಟ್ಟಿ ಪಾಲಿಸ್ಟೈರೀನ್ ಒಂದು ಘನ ಮೀಟರಿಗೆ 1,050 ಕೆ.ಜಿ. ತೂಗಿದರೆ, ಪ್ಯಾಕಿಂಗಿನ ಥರ್ಮಾಕೋಲ್ ತೂಗುವುದು 15ರಿಂದ 25 ಕೆ.ಜಿ. ಮಾತ್ರ. ಶಾಖವನ್ನು ತಡೆಯುವ, ಪೆಟ್ಟನ್ನು ತಾಳುವ, ನೀರಿನಲ್ಲಿ ತೇಲುವ ಗುಣಗಳೆಲ್ಲ ಈ ಗಾಳಿಯಿಂದ ಬಂದವು. ಬಳಕೆ ಮುಗಿದ ಮೇಲೆ ತೊಡಕಾಗುವುದೂ ಇದೇ ಗಾಳಿ.

ಥರ್ಮಾಕೋಲ್ ತಟ್ಟೆ, ಬಟ್ಟಲುಗಳಲ್ಲಿ ಬಹುತೇಕ ಮಣಿಯಿಂದ ಆದವಲ್ಲ. ಕರಗಿದ ಪಾಲಿಸ್ಟೈರೀನಿಗೆ ಅನಿಲ ಬೆರೆಸಿ, ಹಾಳೆಯಾಗಿ ಹೊರದೂಡಿ, ಒತ್ತಿ ಮಾಡಿದವು. ರಾಸಾಯನಿಕವಾಗಿ ಎರಡೂ ಒಂದೇ. ಆದರೆ ಮೊಬೈಲು, ಗಾಜಿನ ಸಾಮಾನುಗಳಿಗೆ ಸುತ್ತುವ, ಬಾಗಿಸಿದರೆ ಮುರಿಯದ ಮೆತ್ತನೆಯ ಬಿಳಿ ಹಾಳೆ ಪಾಲಿಎಥಿಲೀನ್ ನೊರೆ. ಅದು ಪಾಲಿಸ್ಟೈರೀನಿನೊಂದಿಗೆ ಬೆರೆಯುವುದಿಲ್ಲ. ಸ್ವಲ್ಪವೇ ಸೇರಿದರೂ ಕರಗಿಸಿದ ಮಾಲು ಪದರಪದರವಾಗಿ ಬಿಡುತ್ತದೆ. ಆರಿಸುವವರಿಗೆ ಸರಳ ಪರೀಕ್ಷೆ ಒಂದೇ: ಥರ್ಮಾಕೋಲ್ ಚಟ್ಟನೆ ಮುರಿಯುತ್ತದೆ, ಮತ್ತೊಂದು ಮುರಿಯುವುದಿಲ್ಲ.

ಈ ಭಾಗದಲ್ಲಿ ತ್ಯಾಜ್ಯದ ಮೂಲಗಳು

ಮೊದಲ ಮೂಲ ಪೇಟೆಯ ಎಲೆಕ್ಟ್ರಾನಿಕ್ಸ್ ಮತ್ತು ಗೃಹೋಪಯೋಗಿ ಸಾಮಾನಿನ ಅಂಗಡಿಗಳು. ಟಿ.ವಿ., ಫ್ರಿಜ್ಜು, ವಾಷಿಂಗ್ ಮಷಿನ್ನುಗಳ ರಟ್ಟಿನ ಪೆಟ್ಟಿಗೆಗಳಿಂದ ಬರುವ ಈ ಮಾಲು ಒಣಗಿದ್ದು, ಶುಭ್ರವಾಗಿದ್ದು, ಬಣ್ಣವಿಲ್ಲದ್ದು. ಎರಡನೆಯದು ಮೀನು, ಐಸ್‌ಕ್ರೀಮ್, ಲಸಿಕೆ ಮತ್ತು ಔಷಧಗಳ ತಂಪುಡಬ್ಬಿಗಳು. ಮೂರನೆಯದು ಮದುವೆ, ಗಣೇಶ ಚತುರ್ಥಿ, ಶಾಲಾ ಸಮಾರಂಭಗಳ ಅಲಂಕಾರ. ಈ ಭಾಗದ ಮದುವೆಗಳಲ್ಲಿ ಬಾಸಿಂಗ, ದಂಡಿಗಳನ್ನು ಗಿಡದ ಬೆಂಡಿನಿಂದ ಕೊಯ್ದು ಮಾಡುವ ಕಸುಬಿತ್ತು. ಬೆಂಡಿನ ಜಾಗವನ್ನು ಬಹುಮಟ್ಟಿಗೆ ಥರ್ಮಾಕೋಲ್ ಹಿಡಿಯಿತು. ಬೆಂಡು ಕೊಳೆತು ಮಣ್ಣಾಗುತ್ತಿತ್ತು, ಥರ್ಮಾಕೋಲ್ ಆಗುವುದಿಲ್ಲ.

ನಾಲ್ಕನೆಯ ಮೂಲ ಜಾತ್ರೆ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ದವನದ ಹುಣ್ಣಿಮೆಗಳಿಗೆ ಕರ್ನಾಟಕ, ಮಹಾರಾಷ್ಟ್ರ, ಗೋವಾಗಳಿಂದ ಲಕ್ಷಗಟ್ಟಲೆ ಜನ ಬರುತ್ತಾರೆ. ಗುಡ್ಡದಲ್ಲೇ ಅಡುಗೆ ಮಾಡಿ, ಪಡಲಿಗೆ ತುಂಬಿಸಿ, ಗುಂಪುಗುಂಪಾಗಿ ಉಣ್ಣುವ ಪದ್ಧತಿ ಇರುವುದರಿಂದ ಎಸೆಯುವ ತಟ್ಟೆಗಳಿಗೆ ಇಲ್ಲಿ ಬೇಡಿಕೆ ಹೆಚ್ಚು. ಎಣ್ಣೆ, ಸಾರು ಹತ್ತಿದ ತಟ್ಟೆ ಮರುಸಂಸ್ಕರಣೆಗೆ ಎಲ್ಲಕ್ಕಿಂತ ಕೀಳು ಮಾಲು. ಇಲ್ಲಿ ಪರಿಹಾರ ಸಂಸ್ಕರಣೆಯಲ್ಲ. ಮುತ್ತುಗದೆಲೆಯ ಪತ್ರಾವಳಿಗೆ, ಅಡಿಕೆ ಹಾಳೆಯ ತಟ್ಟೆಗೆ, ಸಾಧ್ಯವಿದ್ದಲ್ಲಿ ತೊಳೆದು ಬಳಸುವ ಸ್ಟೀಲಿನ ತಾಟಿಗೆ ಮರಳುವುದೇ ಪರಿಹಾರ.

ಸಿಕ್ಕಸಿಕ್ಕಲ್ಲಿ ಬಿದ್ದ ಥರ್ಮಾಕೋಲ್ ಬಿಸಿಲಿಗೆ ಪುಡಿಯಾಗಿ ಮಣಿಮಣಿಯಾಗುತ್ತದೆ. ಮಳೆ ಬಂದಾಗ ಗಟಾರ, ಹಳ್ಳಗಳ ಮೂಲಕ ಅದು ಸೇರುವುದು ಮಲಪ್ರಭೆಯನ್ನು. ಆ ನದಿಯ ನವಿಲುತೀರ್ಥದ ಅಣೆಕಟ್ಟಿನ ಹಿಂದಿನ ರೇಣುಕಾ ಸಾಗರ ಹುಬ್ಬಳ್ಳಿ–ಧಾರವಾಡಕ್ಕೂ ಕುಡಿಯುವ ನೀರು ಕೊಡುವ ಜಲಾಶಯ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗಕ್ಕೆ ನೀರು ನುಗ್ಗಿತ್ತು. ಇಂಥ ನೆರೆ ಇಳಿದ ಮೇಲೆ ತೇಲುವ ಕಸವೆಲ್ಲ ಹೊಲದ ಬದುಗಳಲ್ಲಿ, ಜಾಲಿಕಂಟಿಗಳಲ್ಲಿ ಉಳಿಯುತ್ತದೆ. ಒಮ್ಮೆ ಎರೆಮಣ್ಣಿಗೆ ಬೆರೆತ ಮಣಿಗಳನ್ನು ಆರಿಸಿ ತೆಗೆಯುವ ಕಾರ್ಯಸಾಧ್ಯ ವಿಧಾನವಿಲ್ಲ.

ಇದ್ದಂತೆಯೇ ಮರುಬಳಕೆ

ಶುಭ್ರವಾದ ದಪ್ಪ ತುಂಡುಗಳನ್ನು ಆಕಾರ ಕೆಡಿಸದೆ ಮತ್ತೆ ಬಳಸುವುದು ಎಲ್ಲಕ್ಕಿಂತ ಅಗ್ಗದ ದಾರಿ. ಅಂಗಡಿಯವರು ರಿಪೇರಿಗೆ ಕಳಿಸುವ ಸಾಮಾನಿಗೆ ಹಳೆಯ ಪ್ಯಾಕಿಂಗನ್ನೇ ಹಾಕುವುದುಂಟು. ತಂಪುಡಬ್ಬಿಗಳು ಹಲವು ಸುತ್ತು ಬಳಕೆಯಾಗುತ್ತವೆ. ಮುಚ್ಚಳವಿದ್ದ ಡಬ್ಬಿಗೆ ಬಲ್ಬು ಕೂರಿಸಿ ಕೋಳಿಮೊಟ್ಟೆ ಮರಿ ಮಾಡಿಸುವ ಪೆಟ್ಟಿಗೆಯನ್ನು ಹಳ್ಳಿಗಳಲ್ಲಿ ಕೈಯಾರೆ ತಯಾರಿಸುವವರಿದ್ದಾರೆ. ತಗಡಿನ ಮಾಡಿನ ಕೆಳಗೆ ಥರ್ಮಾಕೋಲ್ ಹಲಗೆ ಕಟ್ಟಿದರೆ ಬೇಸಿಗೆಯ ಸೆಕೆ ಗಮನಾರ್ಹವಾಗಿ ಇಳಿಯುತ್ತದೆ. ಆದರೆ ಹಲಗೆಯನ್ನು ಗಾರೆಯಿಂದಲೋ ಸಿಮೆಂಟ್ ಹಲಗೆಯಿಂದಲೋ ಮುಚ್ಚಲೇಬೇಕು. ಪಾಲಿಸ್ಟೈರೀನ್ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗಿ, ಬೆಂಕಿ ಹತ್ತಿದರೆ ಉರಿಯುತ್ತ ತೊಟ್ಟಿಕ್ಕುತ್ತದೆ. ಅಡುಗೆಮನೆ, ಮೇವಿನ ಬಣವೆ, ದನದ ಕೊಟ್ಟಿಗೆಗಳ ಬಳಿ ಬಿಚ್ಚು ಥರ್ಮಾಕೋಲ್ ಸಲ್ಲದು.

ಪೆಟ್ರೋಲಿನಲ್ಲಿ ಥರ್ಮಾಕೋಲ್ ಕರಗಿಸಿ ಮಾಡಿನ ಸಂದಿಗೆ ಹಚ್ಚುವ ಮನೆಮದ್ದು ಹಲವೆಡೆ ಬಳಕೆಯಲ್ಲಿದೆ. ಅದು ಮೈಗೆ ಅಂಟಿಕೊಂಡು ಉರಿಯುವ ವಸ್ತು. ಅದನ್ನು ಮರುಬಳಕೆಯೆಂದು ಎಣಿಸಬಾರದು.

ಗಾಳಿಯ ಲೆಕ್ಕ ಮತ್ತು ಒತ್ತುವ ಯಂತ್ರ

ಗುಜರಿ ವ್ಯಾಪಾರ ತೂಕದ ಮೇಲೆ ನಡೆಯುತ್ತದೆ. ಮೋಡಕಾ ಕೊಳ್ಳುವವರು ಕಬ್ಬಿಣ, ರಟ್ಟು, ಬಾಟಲಿಗಳನ್ನು ಒಯ್ದು ಥರ್ಮಾಕೋಲನ್ನು ಬಿಟ್ಟುಹೋಗುವುದಕ್ಕೆ ಕಾರಣ ಅವರ ಅಸಡ್ಡೆಯಲ್ಲ. ಒಂದು ಚಿಕ್ಕ ಸರಕುಗಾಡಿ ಮುಕ್ಕಾಲು ಟನ್ ಹೊರುವಂಥದ್ದು ಎಂದಿಟ್ಟುಕೊಳ್ಳೋಣ. ಆಳೆತ್ತರ ಪೇರಿಸಿದರೆ ಅದರಲ್ಲಿ ಸುಮಾರು 6 ಘನ ಮೀಟರ್ ಹಿಡಿಸುತ್ತದೆ. ಘನ ಮೀಟರಿಗೆ 15 ಕೆ.ಜಿ.ಯಂತೆ ಇಡಿಯ ಗಟ್ಟಿಗಳನ್ನು ಸಂದಿಲ್ಲದೆ ಜೋಡಿಸಿದರೂ ಆಗುವ ಹೊರೆ 90 ಕೆ.ಜಿ. ಮುರಿದ ತುಂಡುಗಳಾದರೆ ಅದರ ಅರ್ಧ. ರಾಮದುರ್ಗದಿಂದ ಬೆಳಗಾವಿಗೆ ಸುಮಾರು 100 ಕಿ.ಮೀ., ಬೈಲಹೊಂಗಲದಿಂದ ಸುಮಾರು 45 ಕಿ.ಮೀ. ದಾರಿ. ಗಾಡಿ ತುಂಬಿದರೂ ಬಾಡಿಗೆ ಹುಟ್ಟುವುದಿಲ್ಲ. ಕರಗಿಸುವ ಕಾರ್ಖಾನೆಗೆ ಒಂದು ಟನ್ ಮಾಲು ಕೊಡಬೇಕಾದರೆ 67 ಘನ ಮೀಟರ್ ಥರ್ಮಾಕೋಲ್ ಕೂಡಿಸಬೇಕು.

ಈ ಸೀಮೆಗೆ ಇದು ಹೊಸ ಸಮಸ್ಯೆಯಲ್ಲ. ಬೈಲಹೊಂಗಲದ ಪೇಟೆ ಬೆಳೆದದ್ದೇ ಹತ್ತಿಯಿಂದ. ಅರಳೆಯೂ ಥರ್ಮಾಕೋಲಿನಂತೆ ಗಾತ್ರ ದೊಡ್ಡದು, ತೂಕ ಸಣ್ಣದು. ಅದನ್ನು ದೂರದ ಗಿರಣಿಗೆ ಕಳಿಸುವ ಮುನ್ನ ಬೆಳೆಯುವ ಊರಲ್ಲೇ ಜಿನ್ನಿಗೆ ಹಾಕಿ, ಪ್ರೆಸ್ಸಿನಲ್ಲಿ ಒತ್ತಿ, 170 ಕೆ.ಜಿ.ಯ ಬೇಲು ಕಟ್ಟುವ ವ್ಯವಸ್ಥೆ ರೂಪುಗೊಂಡಿತು. ಥರ್ಮಾಕೋಲಿಗೆ ಬೇಕಾದದ್ದೂ ಇಂಥದೇ ಪ್ರೆಸ್ಸು.

ಅಂಥ ಯಂತ್ರಗಳಲ್ಲಿ ಎರಡು ಬಗೆ. ತಣ್ಣನೆಯ ಬಗೆಯಲ್ಲಿ ಹಲ್ಲಿನ ಉರುಳೆಗಳು ಥರ್ಮಾಕೋಲನ್ನು ಚೂರು ಮಾಡುತ್ತವೆ. ಮುಂದಕ್ಕೆ ಕಿರಿದಾಗುತ್ತ ಹೋಗುವ ತಿರುಗುಸ್ಕ್ರೂ ಆ ಚೂರುಗಳನ್ನು ಒತ್ತಿ ಗಾಳಿ ಹಿಂಡಿ, ಚೌಕ ತೊಲೆಯಂತೆ ಹೊರಗೆ ತಳ್ಳುತ್ತದೆ. ಸಿಕ್ಕ ಗಟ್ಟಿ ಘನ ಮೀಟರಿಗೆ 200ರಿಂದ 400 ಕೆ.ಜಿ. ತೂಗುತ್ತದೆ. ಪ್ಲಾಸ್ಟಿಕ್ ಕರಗದ ಕಾರಣ ಅದರ ಅಣುಸರಪಳಿ ಮುರಿಯುವುದಿಲ್ಲ, ಬಣ್ಣ ಹಳದಿಯಾಗುವುದಿಲ್ಲ. ಕೊಳ್ಳುವವನು ಗಟ್ಟಿಯನ್ನು ಒಡೆದು ಒಳಗಿನ ಶುಭ್ರತೆ ನೋಡಿಕೊಳ್ಳಬಹುದು. ಆದರೆ ಮಾಲು ಒಣಗಿರಬೇಕು, ಟೇಪು, ಲೇಬಲ್ಲು, ಪಿನ್ನು ಕಿತ್ತಿರಬೇಕು. ತೇವವಿದ್ದರೆ ಸ್ಕ್ರೂ ಜಾರುತ್ತದೆ, ಗಟ್ಟಿ ನಿಲ್ಲದೆ ಉದುರುತ್ತದೆ.

ಬಿಸಿ ಬಗೆಯಲ್ಲಿ ಚೂರುಗಳನ್ನು 150ರಿಂದ 200 ಡಿಗ್ರಿಗೆ ಕಾಯಿಸಿ, ಕರಗಿದ್ದನ್ನು ಅಚ್ಚಿಗೆ ಇಳಿಸಿ ಇಟ್ಟಿಗೆಯಂಥ ಗಟ್ಟಿ ಮಾಡುತ್ತಾರೆ. ಗಾತ್ರ ಇನ್ನೂ ಇಳಿಯುತ್ತದೆ, ಒದ್ದೆ ಮೀನಿನ ಡಬ್ಬಿಯೂ ನಡೆಯುತ್ತದೆ. ಜಪಾನಿನ ತ್ಸುಕಿಜಿ ಮೀನುಪೇಟೆಯಲ್ಲಿ ಖಾಲಿ ಡಬ್ಬಿಗಳನ್ನು ಪೇಟೆಯ ಆವರಣದಲ್ಲೇ ಹೀಗೆ ಕರಗಿಸುತ್ತಿದ್ದರು. ಆದರೆ ಕಾಯಿಸುವಾಗ ಸ್ಟೈರೀನ್ ಹೊಗೆ ಏಳುತ್ತದೆ. ಮನುಷ್ಯರಿಗೆ ಬಹುಶಃ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2018ರಲ್ಲಿ ವರ್ಗೀಕರಿಸಿದ ರಾಸಾಯನಿಕ ಅದು. ಹೊಗೆ ಹೀರುವ ಕೊಳವೆ, ಸೋಸುವ ಏರ್ಪಾಟು ಇಲ್ಲದ ಶೆಡ್ಡಿನಲ್ಲಿ ಹೆಂಗಸರನ್ನು ಕೂರಿಸಿ ಈ ಕೆಲಸ ಮಾಡಿಸುವುದು ಅನ್ಯಾಯ. ಗ್ರಾಮ ಪಂಚಾಯಿತಿಗಳ ಕಸ ವಿಂಗಡಣಾ ಘಟಕಗಳಲ್ಲಿ ದುಡಿಯುವವರು ಹೆಚ್ಚಾಗಿ ಸ್ವಸಹಾಯ ಸಂಘಗಳ ಮಹಿಳೆಯರು. ಅವರ ದೃಷ್ಟಿಯಿಂದ ನೋಡಿದರೆ ತಣ್ಣನೆಯ ಪ್ರೆಸ್ಸೇ ಮೇಲು.

ಒತ್ತಿದ ಮೇಲೆ ಲೆಕ್ಕ ಬದಲಾಗುತ್ತದೆ. ಘನ ಮೀಟರಿಗೆ 300 ಕೆ.ಜಿ.ಯ ಗಟ್ಟಿಯಾದರೆ ಅದೇ ಗಾಡಿಯ ಪೂರ್ತಿ ಹೊರೆ ಎರಡೂವರೆ ಘನ ಮೀಟರಿನಲ್ಲಿ ಅಡಗುತ್ತದೆ. ಮೊದಲು ಎಂಟು ಸಲ ಓಡಿದರೂ ಮುಗಿಯದಿದ್ದ ಸಾಗಣೆ ಒಂದು ಸಲಕ್ಕೆ ಮುಗಿಯುತ್ತದೆ. ನಾಲ್ಕು ತಾಲ್ಲೂಕಿನ ಸಣ್ಣ ಊರುಗಳಲ್ಲಿ ತಲಾ ಒಂದು ಯಂತ್ರದ ಹೊಟ್ಟೆಗೆ ಸಾಲುವಷ್ಟು ಮಾಲು ಹುಟ್ಟುವುದು ಸಂಶಯ. ವಾಹನದ ಮೇಲೆ ಕೂರಿಸಿ ಸರದಿಯಂತೆ ಊರೂರಿಗೆ ಒಯ್ಯುವ ಯಂತ್ರ ಹೆಚ್ಚು ಸೂಕ್ತವೆನಿಸುತ್ತದೆ. ಸ್ವಚ್ಛ ಭಾರತ (ಗ್ರಾಮೀಣ) ಯೋಜನೆಯ ಎರಡನೆಯ ಹಂತದಲ್ಲಿ ತಾಲ್ಲೂಕು ಮಟ್ಟದ ಪ್ಲಾಸ್ಟಿಕ್ ತ್ಯಾಜ್ಯ ಘಟಕಕ್ಕೆ 16 ಲಕ್ಷ ರೂಪಾಯಿವರೆಗೆ ನೆರವಿಗೆ ಅವಕಾಶ ಕಲ್ಪಿಸಲಾಗಿತ್ತು.

ಗಟ್ಟಿಯನ್ನು ಕೊಂಡ ಕಾರ್ಖಾನೆ ಅದನ್ನು ಕರಗಿಸಿ, ಜಾಳಿಗೆಯಲ್ಲಿ ಸೋಸಿ, ದಾಣಾ (ಪ್ಲಾಸ್ಟಿಕ್ ಕಾಳು) ಮಾಡುತ್ತದೆ. ಫೋಟೋ ಚೌಕಟ್ಟಿನ ಪಟ್ಟಿ, ಬಟ್ಟೆ ಹ್ಯಾಂಗರ್, ಸ್ಕೇಲು, ಪೆನ್ನಿನ ಕೊಳವೆ ಇದರ ಸಾಮಾನ್ಯ ಉತ್ಪನ್ನಗಳು.

ಹಗುರ ಕಾಂಕ್ರೀಟು

ಪುಡಿ ಮಾಡಿದ ಥರ್ಮಾಕೋಲನ್ನು ಜಲ್ಲಿಯ ಬದಲು ಸಿಮೆಂಟಿಗೆ ಬೆರೆಸಿ ಹಗುರ ಇಟ್ಟಿಗೆ, ಒಳಗೋಡೆಯ ಹಲಗೆ ಮಾಡಬಹುದು. ಮಣಿಗಳು ನೀರನ್ನು ಒಲ್ಲವು, ಕಲೆಸುವಾಗ ಮೇಲಕ್ಕೆ ತೇಲುತ್ತವೆ. ಹಾರುಬೂದಿ ಅಥವಾ ಸಿಲಿಕಾ ಧೂಳು ಸೇರಿಸಿದರೆ ಹಿಡಿತ ಸುಧಾರಿಸುತ್ತದೆಂದು ಐಐಟಿ ಮದ್ರಾಸಿನ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಸೇರಿದಂತೆ ಹಲವು ಪ್ರಯೋಗಗಳು ತೋರಿಸಿವೆ. ಮಣಿ ಹೆಚ್ಚಿದಂತೆ ಬಲ ಇಳಿಯುವುದರಿಂದ ಭಾರ ಹೊರುವ ಗೋಡೆ, ಕಂಬ, ತೊಲೆಗಳಿಗೆ ಇದು ಬೇಡ. ಇಟ್ಟಿಗೆ ಒಡೆದಾಗ ಮಣಿಗಳು ಮತ್ತೆ ಹೊರಬೀಳುತ್ತವೆ ಎಂಬುದನ್ನೂ ಮರೆಯಬಾರದು.

ಇತರ ವಿಧಾನಗಳು

ಕಿತ್ತಳೆ ಸಿಪ್ಪೆಯಿಂದ ಬರುವ ಲಿಮೊನೀನ್ ಎಣ್ಣೆಯಲ್ಲಿ ಥರ್ಮಾಕೋಲ್ ಕರಗುತ್ತದೆ. ಜಪಾನಿನ ಸೋನಿ ಕಂಪನಿ 1990ರ ದಶಕದಲ್ಲಿ ಇದನ್ನು ಪ್ರಯೋಗಿಸಿತು. ಗಾಳಿಯಿಲ್ಲದೆ ಕಾಯಿಸಿ ಮತ್ತೆ ಸ್ಟೈರೀನ್ ಪಡೆಯುವ ವಿಧಾನವೂ ಇದೆ. ಎರಡಕ್ಕೂ ದೊಡ್ಡ ಬಂಡವಾಳ ಬೇಕು.

ಹಿಟ್ಟುಹುಳುಗಳು ಪಾಲಿಸ್ಟೈರೀನ್ ತಿಂದು ಜೀರ್ಣಿಸಿಕೊಳ್ಳುತ್ತವೆಂಬ 2015ರ ಸಂಶೋಧನೆ ಬಹಳ ಪ್ರಚಾರ ಪಡೆಯಿತು. ಅದರ ಪ್ರಕಾರ 100 ಹುಳುಗಳು ದಿನಕ್ಕೆ ತಿನ್ನುವುದು 34ರಿಂದ 39 ಮಿಲಿಗ್ರಾಂ. ದಿನಕ್ಕೆ ಒಂದು ಕೆ.ಜಿ. ತಿನ್ನಿಸಲು ಸುಮಾರು 27 ಲಕ್ಷ ಹುಳು ಸಾಕಬೇಕು. ವಿಜ್ಞಾನಕ್ಕೆ ಇದು ಮಹತ್ವದ್ದು, ಪುರಸಭೆಗೆ ಅಲ್ಲ.

ಸಂಸ್ಕರಿಸಲಾಗದ ಕೊಳಕು ಮಾಲಿಗೆ ಸಿಮೆಂಟ್ ಗೂಡು ಕೊನೆಯ ದಾರಿ. ಪಾಲಿಸ್ಟೈರೀನ್ ಉರಿದಾಗ ಕೆ.ಜಿ.ಗೆ ಸುಮಾರು 40 ಮೆಗಾಜೂಲ್ ಶಾಖ ಕೊಡುತ್ತದೆ. 1,450 ಡಿಗ್ರಿಯ ಗೂಡಿನಲ್ಲಿ ಅದು ಪೂರ್ತಿ ದಹಿಸುತ್ತದೆ. ಇದೇ ಜಿಲ್ಲೆಯ ಯಾದವಾಡದಲ್ಲೂ ಮುಧೋಳ ತಾಲ್ಲೂಕಿನ ಮುದ್ದಾಪುರದಲ್ಲೂ ಸಿಮೆಂಟ್ ಕಾರ್ಖಾನೆಗಳಿರುವುದು ರಾಮದುರ್ಗ, ಸವದತ್ತಿಗಳಿಗೆ ಅನುಕೂಲದ ಸಂಗತಿ. ಬಯಲಲ್ಲಿ ಸುಡುವುದು ಇದಕ್ಕಿಂತ ತೀರ ಬೇರೆ. ಅಲ್ಲಿ ದಹನ ಅರೆಬರೆಯಾಗಿ ದಟ್ಟ ಕರಿಹೊಗೆ, ಸ್ಟೈರೀನ್, ಕಾರ್ಬನ್ ಮೊನಾಕ್ಸೈಡ್ ಏಳುತ್ತವೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ಬಯಲಲ್ಲಿ ಕಸ ಸುಡುವುದನ್ನು ನಿಷೇಧಿಸಿ 5,000 ರೂಪಾಯಿ, ದೊಡ್ಡ ಪ್ರಮಾಣದ್ದಾದರೆ 25,000 ರೂಪಾಯಿ ದಂಡ ಗೊತ್ತುಪಡಿಸಿತು.

ಕಾನೂನು

ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ ಮೊದಲಾದವುಗಳ ಜತೆಗೆ ಥರ್ಮಾಕೋಲಿನಿಂದ ಮಾಡಿದ ಅಂಥ ವಸ್ತುಗಳನ್ನೂ ನಿಷೇಧಿಸಿತು. ಕೇಂದ್ರ ಸರ್ಕಾರ 2021ರ ಆಗಸ್ಟ್ 12ರಂದು ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಿಗೆ ತಂದ ತಿದ್ದುಪಡಿಯಂತೆ ಅಲಂಕಾರದ ಥರ್ಮಾಕೋಲ್ 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ. ಪ್ಯಾಕಿಂಗ್ ಪ್ಲಾಸ್ಟಿಕ್ಕಿನ ವಿಷಯದಲ್ಲಿ ಅದನ್ನು ಮಾರುಕಟ್ಟೆಗೆ ತಂದ ಉತ್ಪಾದಕರೇ ಮರಳಿ ಸಂಗ್ರಹಿಸಿ ಸಂಸ್ಕರಿಸುವ ಹೊಣೆ ಹೊರಬೇಕೆಂದು 2022ರ ಫೆಬ್ರುವರಿ 16ರ ಮಾರ್ಗಸೂಚಿ ಹೇಳುತ್ತದೆ. ಹಳೆಯ ಕಟ್ಟಡಗಳ ಥರ್ಮಾಕೋಲ್ ಹಲಗೆಯಲ್ಲಿ ಬೆಂಕಿತಡೆಗೆ ಬಳಸುತ್ತಿದ್ದ ಎಚ್.ಬಿ.ಸಿ.ಡಿ. ಎಂಬ ಬ್ರೋಮಿನ್ ಸಂಯುಕ್ತವೂ 2018ರಿಂದ ಭಾರತದಲ್ಲಿ ನಿಷಿದ್ಧ. ಅಂಥ ಹಲಗೆಗಳನ್ನು ಪ್ಯಾಕಿಂಗ್ ಮಾಲಿನೊಂದಿಗೆ ಬೆರೆಸಬಾರದು.

ಮೌಲ್ಯಮಾಪನ

ಈ ಕಾನೂನುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ನಿಷೇಧಕ್ಕೆ ಒಳಗಾದ ತಟ್ಟೆ, ಲೋಟ, ಅಲಂಕಾರದ ಸಾಮಾನುಗಳು ಸಂಸ್ಕರಣೆಗೆ ಒಗ್ಗದ ಎಣ್ಣೆಜಿಡ್ಡಿನ, ಬಣ್ಣ ಬಳಿದ ಮಾಲು. ಕಾನೂನಿನ ಒಪ್ಪಿಗೆಯಿಂದ ಉಳಿದಿರುವ ಪ್ಯಾಕಿಂಗಿನಲ್ಲಿ ಬಹುಪಾಲು ಶುಭ್ರವಾದ, ಬೆಲೆಬಾಳುವ ಮಾಲು. ಅದು ಹುಟ್ಟುವುದು ನಾಲ್ಕು ಪಟ್ಟಣಗಳ ಎಣಿಕೆಗೆ ಸಿಗುವಷ್ಟು ಅಂಗಡಿಗಳಲ್ಲಿ. ಆದ್ದರಿಂದ ನಿಷೇಧವನ್ನು ಜಾತ್ರೆ, ಮದುವೆಗಳಲ್ಲಿ ಬಿಗಿಯಾಗಿ ಜಾರಿ ಮಾಡುವುದು, ಪ್ಯಾಕಿಂಗ್ ಮಾಲನ್ನು ಅಂಗಡಿಯಲ್ಲೇ ಒಣಗಿದ್ದಾಗ ಬೇರೆ ಚೀಲಕ್ಕೆ ತುಂಬಿಡುವುದು, ಹತ್ತಿರದಲ್ಲೇ ಒತ್ತುವುದು, ಈ ಮೂರೂ ಒಟ್ಟಿಗೆ ನಡೆಯಬೇಕು. ಕಸದ ಗಾಡಿಯಲ್ಲಿ ಹಸಿಕಸದೊಂದಿಗೆ ಒಮ್ಮೆ ಬೆರೆತರೆ ಅದೇ ಥರ್ಮಾಕೋಲಿಗೆ ಸಿಮೆಂಟ್ ಗೂಡಿನ ಹೊರತು ಬೇರೆ ಗತಿಯಿಲ್ಲ. ಬೇರ್ಪಡಿಸುವ ಆ ಮೊದಲ ಹೆಜ್ಜೆಗೆ ಯಂತ್ರ ಬೇಡ, ಅನುದಾನ ಬೇಡ. ಪುರಸಭೆ ಮತ್ತು ಅಂಗಡಿಕಾರರ ನಡುವೆ ಒಂದು ಒಪ್ಪಂದ ಸಾಕು.