ಕುದುರೆಮುಖ

ಕುದುರೆಮುಖ: ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮಘಟ್ಟದಲ್ಲಿ, ಭದ್ರಾ ನದಿಯ ಕಣಿವೆಯಲ್ಲಿರುವ ಹಿಂದಿನ ಕಬ್ಬಿಣದ ಗಣಿ ಪಟ್ಟಣ, ಈಗ ಚಾರಣಿಗರ ತಾಣ. ಹೆಸರು ಸಮೀಪದ 1,894 ಮೀ. ಎತ್ತರದ ಶಿಖರದ್ದು. 1976ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರಿ ಸ್ವಾಮ್ಯದ ಕುದುರೆಮುಖ ಕಬ್ಬಿಣ ಅದಿರು ಕಂಪನಿ ನೌಕರರಿಗಾಗಿ ಈ ಪಟ್ಟಣವನ್ನು ಕಟ್ಟಿತು. ಇಲ್ಲಿಯದು ಕಬ್ಬಿಣದ ಅಂಶ ಕಡಿಮೆಯಿರುವ ಮ್ಯಾಗ್ನೆಟೈಟ್. ಅದನ್ನು ನುಣ್ಣಗೆ ಅರೆದು, ಸಾರವತ್ತಾದ ಭಾಗವನ್ನು ಬೇರ್ಪಡಿಸಿ, ನೀರಿನಲ್ಲಿ ಕಲಸಿ, ಸುಮಾರು 67 ಕಿ.ಮೀ. ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿನ ಪಣಂಬೂರಿಗೆ ಸಾಗಿಸಲಾಗುತ್ತಿತ್ತು. ಉಳಿದ ಹೂಳು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿಕೊಂಡಿದೆ. ಸಿಂಗಳೀಕಗಳ ನೆಲೆಯಾದ ಸುತ್ತಲ ಶೋಲಾ ಕಾಡು, ಹುಲ್ಲುಗಾವಲು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಪರಿಸರ ಹೋರಾಟದ ಫಲವಾಗಿ ಸುಪ್ರೀಂ ಕೋರ್ಟು 2002ರಲ್ಲಿ ನೀಡಿದ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ನಾಡಿನ ಪರಿಸರ ಚಳವಳಿಗೆ ಇದು ಬಹು ದೊಡ್ಡ ಗೆಲುವು. ನೌಕರರ ವಸತಿಗಳು ಬಹುಪಾಲು ಖಾಲಿಯಾದವು. ಶಿಖರದ ಚಾರಣ ಸಂಸೆ ಬಳಿಯ ಮುಳ್ಳೋಡಿಯಿಂದ ಆರಂಭ; ಅರಣ್ಯ ಇಲಾಖೆಯ ಅನುಮತಿ ಕಡ್ಡಾಯ. ಕಾಳ್ಗಿಚ್ಚಿನ ಭಯವಿರುವ ಬೇಸಿಗೆಯಲ್ಲಿ ದಾರಿ ಮುಚ್ಚುವುದುಂಟು.