ಮೆಕೆಲ್ ಸ್ಕ್ಯಾನ್‌ಗೆ ಮುನ್ನ ಕೊಡುವ ಔಷಧ: ಉಪಯೋಗ ಮತ್ತು ಮಿತಿ

ಚಿಕ್ಕ ಮಕ್ಕಳಲ್ಲಿ ಹೊಟ್ಟೆನೋವಿಲ್ಲದೆ ಮಲದೊಂದಿಗೆ ಹೆಚ್ಚು ರಕ್ತ ಹೋದರೆ ಮೊದಲು ಶಂಕಿಸಬೇಕಾದ ಕಾರಣಗಳಲ್ಲಿ ಮೆಕೆಲ್ ಡೈವರ್ಟಿಕ್ಯುಲಂ ಒಂದು. ಭ್ರೂಣದ ಕರುಳಿಗೂ ಹೊಕ್ಕುಳಿಗೂ ನಡುವಿದ್ದ ನಾಳ ಪೂರ್ತಿ ಕರಗದೆ ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಚೀಲವಾಗಿ ಉಳಿದಿರುತ್ತದೆ. ಸುಮಾರು ಶೇ. 2ರಷ್ಟು ಜನರಲ್ಲಿ ಇದಿದ್ದರೂ ಬಹುಪಾಲು ಮಂದಿಗೆ ತೊಂದರೆಯಿಲ್ಲ. ರಕ್ತಸ್ರಾವವಾಗುವ ಚೀಲಗಳಲ್ಲಿ ಸಾಮಾನ್ಯವಾಗಿ ಜಠರದ ಒಳಪೊರೆಯ ತುಣುಕಿರುತ್ತದೆ. ಅದು ಸ್ರವಿಸುವ ಆಮ್ಲದಿಂದ ಪಕ್ಕದ ಕರುಳಿನಲ್ಲಿ ಹುಣ್ಣಾಗುತ್ತದೆ. ರಕ್ತನಾಳಕ್ಕೆ ಚುಚ್ಚಿದ ಟೆಕ್ನೀಷಿಯಂ-99ಎಂ ಪರ್‌ಟೆಕ್ನೆಟೇಟನ್ನು ಈ ಪೊರೆ ಹೀರಿಕೊಳ್ಳುತ್ತದೆ, ಗಾಮಾ ಕ್ಯಾಮೆರಾದಲ್ಲಿ ಆ ಜಾಗ ಗುರುತಾಗಿ ಮೂಡುತ್ತದೆ.

ತೊಂದರೆಯೆಂದರೆ, ಪೊರೆ ಹೀರಿದ್ದನ್ನು ಕರುಳಿನೊಳಕ್ಕೆ ಸ್ರವಿಸಿಯೂ ಬಿಡುತ್ತದೆ. ಸಿಮೆಟಿಡಿನ್, ರಾನಿಟಿಡಿನ್, ಫ್ಯಾಮೊಟಿಡಿನ್‌ಗಳಂಥ ಆಮ್ಲನಿರೋಧಕಗಳು ಆ ಸ್ರಾವವನ್ನು ತಡೆದು ವಿಕಿರಣವಸ್ತುವನ್ನು ಪೊರೆಯಲ್ಲೇ ನಿಲ್ಲಿಸುತ್ತವೆ. ಗ್ಲುಕಗಾನ್ ಕರುಳಿನ ಚಲನೆಯನ್ನು ನಿಧಾನಗೊಳಿಸುವುದರಿಂದ ಗುರುತು ಕೊಚ್ಚಿಹೋಗುವುದಿಲ್ಲ. ಪೆಂಟಾಗ್ಯಾಸ್ಟ್ರಿನ್ ಹೀರುವಿಕೆಯನ್ನು ಹೆಚ್ಚಿಸುತ್ತದೆ ನಿಜ, ಆದರೆ ಆಮ್ಲವನ್ನೂ ಚಲನೆಯನ್ನೂ ಹೆಚ್ಚಿಸುತ್ತದೆ. ರಕ್ತಸ್ರಾವದಲ್ಲಿರುವ ಮಗುವಿಗೆ ಇದು ವಿವೇಕದ ಆಯ್ಕೆಯಲ್ಲ. ಈ ಔಷಧಗಳ ಪರವಾದ ತರ್ಕ ಗಟ್ಟಿಯಾಗಿದೆ. ಅದಕ್ಕೆ ಸರಿಸಮನಾದ ನಿಯಂತ್ರಿತ ಅಧ್ಯಯನಗಳು ಮಾತ್ರ ಕಡಿಮೆ. ಕ್ಯಾನ್ಸರ್‌ಕಾರಕವೆಂದು ಶಂಕಿಸಲಾದ ಎನ್‌ಡಿಎಂಎ ಕಲ್ಮಶದಿಂದಾಗಿ 2020ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ರಾನಿಟಿಡಿನ್ ಹೊರಬಿದ್ದಿತು. 2022ರಲ್ಲಿ ಭಾರತದ ಅಗತ್ಯ ಔಷಧಗಳ ಪಟ್ಟಿಯಿಂದಲೂ ಅದನ್ನು ಕೈಬಿಡಲಾಯಿತು. ಅದರ ಜಾಗಕ್ಕೆ ಫ್ಯಾಮೊಟಿಡಿನ್ ಬಂದದ್ದು ಹೆಚ್ಚಾಗಿ ಒಂದೇ ವರ್ಗದ ಔಷಧವೆಂಬ ನಂಬಿಕೆಯಿಂದ.

ಔಷಧ ಅಗ್ಗ, ಅಪಾಯ ಅಲ್ಪ, ಹಾಗಿದ್ದಮೇಲೆ ಎಲ್ಲರಿಗೂ ಕೊಟ್ಟು ಫಲಿತಾಂಶವನ್ನು ನಂಬಬಾರದೇಕೆ ಎಂದು ಕೇಳಬಹುದು. ಕೊಡಲು ಅಡ್ಡಿಯಿಲ್ಲ, ತಕರಾರಿರುವುದು ನಂಬುವುದರಲ್ಲಿ. ಮಕ್ಕಳಲ್ಲಿ ಈ ಸ್ಕ್ಯಾನಿನ ಸಂವೇದನಶೀಲತೆ ಸುಮಾರು ಶೇ. 85, ನಿರ್ದಿಷ್ಟತೆ ಶೇ. 95 ಎಂಬುದು ಬಹುಕಾಲದಿಂದ ಉಲ್ಲೇಖವಾಗುತ್ತಿರುವ ಅಂದಾಜು. ಶಂಕೆಯಿರುವ 200 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ನಿಜವಾಗಿ ರೋಗವಿದೆ ಎಂದುಕೊಳ್ಳೋಣ. ಆಗ ‘ಇಲ್ಲ’ ಎಂಬ ಉತ್ತರ ಪಡೆದ 110 ಮಕ್ಕಳಲ್ಲಿ 15 ಮಂದಿಗೆ ರೋಗವಿರುತ್ತದೆ, ಅಂದರೆ ಏಳರಲ್ಲಿ ಒಬ್ಬರಿಗಿಂತ ತುಸು ಕಡಿಮೆ. ಔಷಧ ಈ ಸಂಖ್ಯೆಯನ್ನು ತಗ್ಗಿಸಬಹುದು, ಅದೂ ಗುರುತು ಕೊಚ್ಚಿಹೋಗಿ ತಪ್ಪಿದ ಪ್ರಕರಣಗಳಲ್ಲಷ್ಟೇ. ಪೊರೆಯ ತುಣುಕು ತೀರ ಚಿಕ್ಕದಾಗಿದ್ದರೆ, ಅದಕ್ಕೆ ರಕ್ತಪೂರೈಕೆ ಕುಂದಿದ್ದರೆ, ತುಂಬಿದ ಮೂತ್ರಕೋಶ ಅದನ್ನು ಮರೆಮಾಡಿದ್ದರೆ ಔಷಧದಿಂದ ಹೆಚ್ಚೇನೂ ಆಗದು. ಆದ್ದರಿಂದ ಯಾವ ಔಷಧ, ಎಷ್ಟು ಪ್ರಮಾಣ, ಸ್ಕ್ಯಾನ್‌ಗೆ ಎಷ್ಟು ಹೊತ್ತು ಮುಂಚೆ ಎಂಬುದು ವರದಿಯಲ್ಲೇ ದಾಖಲಾಗಬೇಕು. ರಕ್ತಸ್ರಾವ ನಿಲ್ಲದಿದ್ದರೆ, ಔಷಧ ಕೊಟ್ಟು ಮಾಡಿದ ಸ್ಕ್ಯಾನ್ ‘ಇಲ್ಲ’ ಎಂದರೂ ಲ್ಯಾಪರೊಸ್ಕೋಪಿಯನ್ನು ಮುಂದೂಡಬಾರದು.